ಮಂದಿಯನ್ನು ತೂಗುವ ಮೊದಲು ತಕ್ಕಡಿಯನ್ನು ನೋಡಿಕೊಳ್ಳುವ ಬಗೆ

ಶಾಲೆ ಬಿಡುವಾಗ ಕೈಗೆ ಬರುವ ವರ್ಗಾವಣೆ ಪತ್ರದಲ್ಲಿ ‘ನಡತೆ’ ಎಂಬ ಒಂದು ಕಾಲಂ ಇರುತ್ತದೆ. ಅದರ ಮುಂದೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ‘ತೃಪ್ತಿಕರ’ ಎಂದೇ ಬರೆಯುವುದರಿಂದ ಅದು ಯಾರ ಬಗೆಗೂ ಏನನ್ನೂ ಹೇಳುವುದಿಲ್ಲ, ಯಾರಿಗೂ ಕೇಡನ್ನೂ ಮಾಡುವುದಿಲ್ಲ. ದೊಡ್ಡವರಾದ ಮೇಲೆ ಆ ಕಾಲಂ ತುಂಬುವ ಕೆಲಸ ನಮ್ಮ ಪಾಲಿಗೇ ಬರುತ್ತದೆ. ತೋಟಕ್ಕೆ ಲೆಕ್ಕ ಬರೆಯುವ ರೈಟರನ್ನು ಇಟ್ಟುಕೊಳ್ಳುವಾಗ, ಮಗಳಿಗೆ ಬಂದ ಗಂಡಿನ ಬಗ್ಗೆ ನಾಲ್ಕು ಕಡೆ ವಿಚಾರಿಸುವಾಗ, ಯಾರದೋ ಸೊಸೈಟಿ ಸಾಲಕ್ಕೆ ಜಾಮೀನು ನಿಲ್ಲುವಾಗ, ಮನೆಯ ಮೇಲಂತಸ್ತನ್ನು ಬಾಡಿಗೆಗೆ ಕೊಡುವಾಗ ನಾವು ಒಬ್ಬ ಮನುಷ್ಯನ ಗುಣವನ್ನು ಅಳೆಯಲೇಬೇಕಾಗುತ್ತದೆ. ‘ಯಾರನ್ನೂ ಅಳೆಯಬಾರದು’ ಎಂಬ ಉಪದೇಶ ಕೇಳುವುದಕ್ಕೆ ಚೆನ್ನ. ಜಾಮೀನಿನ ಕಾಗದದ ಮುಂದೆ ಪೆನ್ನು ಹಿಡಿದು ಕೂತವನಿಗೆ ಅದರಿಂದ ಏನೂ ಸಿಗುವುದಿಲ್ಲ.

ಸಕಲೇಶಪುರದ ಕಡೆ ಒಂದು ಸಣ್ಣ ಕಾಫಿ ತೋಟ ನೋಡಿಕೊಂಡಿರುವ ನಾನು ಈ ಕೆಲಸವನ್ನು ವರ್ಷಗಟ್ಟಲೆ ತಪ್ಪುತಪ್ಪಾಗಿ ಮಾಡಿದ ಮೇಲೆ, ಮನಶ್ಶಾಸ್ತ್ರದವರೂ ತತ್ತ್ವಶಾಸ್ತ್ರದವರೂ ಇದರ ಬಗ್ಗೆ ಏನು ಹೇಳಿದ್ದಾರೆಂದು ಓದತೊಡಗಿದೆ. ನನಗೆ ಅರ್ಥವಾದದ್ದು ಇಷ್ಟು: ಬೇರೆಯವರ ಗುಣವನ್ನು ನಾವು ತಪ್ಪಾಗಿ ಅಳೆಯುವುದಕ್ಕೆ ಅವರ ಕಪಟ ಕಾರಣವಾಗುವುದು ಅಪರೂಪ, ಬಹಳಷ್ಟು ಸಲ ನಮ್ಮದೇ ಆತ್ಮಗೌರವದ ಅಲುಗಾಟ ಕಾರಣವಾಗಿರುತ್ತದೆ. ಆದ್ದರಿಂದ ಇಲ್ಲಿನ ಮೊದಲ ಹೆಜ್ಜೆಗಳು ನಿಮ್ಮ ಕಡೆಗೇ ಇವೆ. ಎದುರಿನವರ ಸರದಿ ಆಮೇಲೆ ಬರುತ್ತದೆ.

ಒಂದು: ಯಾವ ‘ಮಾನ’ ಎಂದು ಬಿಡಿಸಿಕೊಳ್ಳಿ

ಕನ್ನಡದಲ್ಲಿ ಮಾನ ಎಂದರೆ ಮರ್ಯಾದೆ. ತಾಪಮಾನ ಎನ್ನುವಾಗ ಅದೇ ಮಾನ ಅಳತೆಯಾಗುತ್ತದೆ. ಜೈನರು ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು ಕಷಾಯಗಳನ್ನು, ಅಂದರೆ ಆತ್ಮಕ್ಕೆ ಅಂಟುವ ಕೊಳೆಗಳನ್ನು, ಎಣಿಸುವಾಗ ಅದು ಗರ್ವ. ಮೂರೂ ಒಂದೇ ಶಬ್ದದಲ್ಲಿ ಕೂತಿರುವುದರಿಂದಲೋ ಏನೋ, ‘ನನಗೆ ಸ್ವಾಭಿಮಾನ ಜಾಸ್ತಿ’ ಎಂದು ಹೇಳಿಕೊಳ್ಳುವ ಅನೇಕರು ನಿಜವಾಗಿ ಹೇಳುತ್ತಿರುವುದು ತಮಗೆ ಸಿಟ್ಟು ಬೇಗ ಬರುತ್ತದೆ ಎಂದಷ್ಟೇ.

ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಐತಿಹ್ಯವನ್ನು ಹಾಸನ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಗೊಮ್ಮಟನ ವಿಗ್ರಹವನ್ನು ಮಾಡಿಸಿದ ಚಾವುಂಡರಾಯ ಮೊದಲ ಅಭಿಷೇಕಕ್ಕೆ ಕೊಡಗಟ್ಟಲೆ ಹಾಲು ಸುರಿಸಿದರೂ ಅದು ಪಾದ ಮುಟ್ಟಲಿಲ್ಲ. ಒಬ್ಬ ಬಡ ಮುದುಕಿ ಗುಳ್ಳಕಾಯಿಯ ಓಡಿನಲ್ಲಿ ತಂದ ಒಂದಿಷ್ಟು ಹಾಲು ನೆತ್ತಿಯಿಂದ ಪಾದದವರೆಗೂ ಹರಿಯಿತು. ಇದನ್ನು ಎಲ್ಲರೂ ಗರ್ವಭಂಗದ ಕಥೆಯೆಂದು ಹೇಳುತ್ತಾರೆ. ನನಗೆ ಮಾತ್ರ ಆ ಅಜ್ಜಿಯ ಮೇಲೇ ಕಣ್ಣು. ಅಷ್ಟು ದೊಡ್ಡವರ ನಡುವೆ, ಅಷ್ಟು ಕೊಡಗಳ ಪಕ್ಕದಲ್ಲಿ, ಒಂದು ಕಾಯಿಯ ಓಡನ್ನು ಹಿಡಿದು ಅಳುಕದೆ ನಿಲ್ಲುವುದಕ್ಕೆ ಬೇಕಾದದ್ದು ಆತ್ಮಗೌರವ. ಆ ದಿನ ಚಾವುಂಡರಾಯನಲ್ಲಿ ಇದ್ದದ್ದು ಮಾನಕಷಾಯ. ಗರ್ವಕ್ಕೆ ಪಕ್ಕದವರ ಕೊಡ ಎಷ್ಟು ದೊಡ್ಡದೆಂದು ನೋಡದೆ ನೆಮ್ಮದಿಯಿಲ್ಲ. ಆತ್ಮಗೌರವಕ್ಕೆ ಆ ಲೆಕ್ಕ ಬೇಕಾಗುವುದಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಆತ್ಮಗೌರವವನ್ನು ಅಳೆಯಲು ಹತ್ತು ಹೇಳಿಕೆಗಳ ಒಂದು ಮಾಪಕವನ್ನು ಕೊಟ್ಟ. ಇಂದಿಗೂ ಅದು ಬಳಕೆಯಲ್ಲಿದೆ. ಅವನೂ ಇದೇ ಗೆರೆಯನ್ನು ಎಳೆದಿದ್ದ. ತಾನು ಇತರರಿಗಿಂತ ಮೇಲು ಎಂದು ಭಾವಿಸುವುದು ಬೇರೆ, ತಾನು ಸಾಕಷ್ಟು ಸರಿಯಾಗಿದ್ದೇನೆ, ಉಳಿದವರಷ್ಟೇ ತನಗೂ ಬೆಲೆಯಿದೆ ಎಂದು ಭಾವಿಸುವುದು ಬೇರೆ. ಅವನು ಅಳೆಯಲು ಹೊರಟದ್ದು ಎರಡನೆಯದನ್ನು. ನೀವೂ ಮೊದಲು ಒಂದು ಹಾಳೆಯಲ್ಲಿ, ಇತ್ತೀಚೆಗೆ ನಿಮ್ಮ ‘ಸ್ವಾಭಿಮಾನಕ್ಕೆ ಪೆಟ್ಟುಬಿದ್ದ’ ಮೂರು ಸಂದರ್ಭಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ, ಆಗ ಪಕ್ಕದಲ್ಲಿ ಯಾರಿದ್ದರು ಎಂದೂ ಬರೆಯಿರಿ. ನೋಡುವವರು ಇಲ್ಲದಿದ್ದರೆ ನೋಯುತ್ತಲೇ ಇರಲಿಲ್ಲ ಎನಿಸಿದ್ದನ್ನು ಹೊಡೆದುಹಾಕಿ. ಉಳಿದದ್ದರ ಬಗ್ಗೆ ಮಾತ್ರ ಯೋಚಿಸುವುದು ಲಾಭ.

ಎರಡು: ಛೇದವನ್ನು ನೋಡಿ

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಆತ್ಮಗೌರವವನ್ನು ಒಂದು ಭಿನ್ನರಾಶಿಯಾಗಿ ಬರೆದ: ಮೇಲೆ ನಾವು ಸಾಧಿಸಿದ್ದು, ಕೆಳಗೆ ನಾವು ಆಗಬೇಕೆಂದು ಹೊರಟದ್ದು. ಮೇಲಿನ ಅಂಶವನ್ನು ಹೆಚ್ಚಿಸಿದರೂ ಬೆಲೆ ಏರುತ್ತದೆ, ಕೆಳಗಿನ ಛೇದವನ್ನು ಇಳಿಸಿದರೂ ಏರುತ್ತದೆ. ನಾವು ಆಯುಷ್ಯವೆಲ್ಲ ಮೇಲಿನ ಅಂಶದ ಹಿಂದೆ ಓಡುತ್ತೇವೆ. ಛೇದದಲ್ಲಿ ಏನೇನು ಸೇರಿಕೊಂಡಿದೆ, ಅದನ್ನು ಅಲ್ಲಿಗೆ ಸೇರಿಸಿದವರು ಯಾರು ಎಂದು ನೋಡುವುದಿಲ್ಲ. ನನ್ನ ಛೇದದಲ್ಲಿ ಬಹಳ ಕಾಲ ‘ಪಕ್ಕದ ತೋಟಕ್ಕಿಂತ ಎಕರೆಗೆ ಒಂದು ಚೀಲವಾದರೂ ಹೆಚ್ಚು’ ಎಂಬ ಬಾಬತ್ತು ಇತ್ತು. ಪಕ್ಕದ ತೋಟಕ್ಕೆ ಹೊಳೆಯ ನೀರಿದೆ, ನನ್ನದಕ್ಕೆ ಇಲ್ಲ. ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿದ ವರ್ಷ ಅವರು ತುಂತುರು ನೀರಾವರಿ ಹಾಕುತ್ತಾರೆ, ನಾನು ಆಕಾಶ ನೋಡುತ್ತೇನೆ. ಇದು ತಿಳಿದೂ ಆ ಬಾಬತ್ತನ್ನು ಅಳಿಸುವುದಕ್ಕೆ ನನಗೆ ಹನ್ನೆರಡು ವರ್ಷ ಹಿಡಿಯಿತು.

ಇಲ್ಲೊಂದು ಎಚ್ಚರಿಕೆಯ ಮಾತು. ‘ನೀನು ಬಹಳ ಜಾಣ’ ಎಂದು ದಿನವೂ ಹೇಳಿದರೆ ಮಕ್ಕಳ ಆತ್ಮಗೌರವ ಏರುತ್ತದೆ, ಅದರಿಂದ ಓದೂ ಸುಧಾರಿಸುತ್ತದೆ ಎಂಬ ನಂಬಿಕೆ ಒಂದು ಕಾಲದಲ್ಲಿ ಬಹಳ ಬಲವಾಗಿತ್ತು. ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ ಇದಕ್ಕಾಗಿ ಒಂದು ಕಾರ್ಯಪಡೆಯನ್ನೇ ರಚಿಸಿತ್ತು. ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2003ರಲ್ಲಿ ಇದ್ದಬದ್ದ ಸಂಶೋಧನೆಗಳನ್ನೆಲ್ಲ ಜರಡಿಹಿಡಿದಾಗ, ಆತ್ಮಗೌರವವನ್ನು ಉಬ್ಬಿಸಿದ್ದರಿಂದ ಅಂಕಗಳು ಏರುವುದಕ್ಕೆ ಆಧಾರ ಸಿಗಲಿಲ್ಲ. ಎಷ್ಟೋ ಕಡೆ ಚೆನ್ನಾಗಿ ಓದಿದ್ದರಿಂದಲೇ ಆತ್ಮಗೌರವ ಬಂದಿತ್ತು. ಹೊಗಳಿಕೆಯನ್ನು ಗೊಬ್ಬರದ ಹಾಗೆ ಸುರಿಯುವವರು ಇದನ್ನು ನೆನಪಿಡುವುದು ಒಳ್ಳೆಯದು.

ಮೂರು: ಮುಳ್ಳು ಸೊನ್ನೆಗೆ ಬಂದಿದೆಯೇ ಎಂದು ಪರೀಕ್ಷಿಸಿ

ಈ ಹೆಜ್ಜೆಯನ್ನು ನಾನು ಒಬ್ಬ ರೈಟರಿನಿಂದ ಕಲಿತೆ. ಅವನು ಕೆಲಸ ಕೇಳಿಕೊಂಡು ಬಂದಾಗ ಒಂದು ಅರ್ಜಿಯನ್ನು ಬರೆದು ತಂದಿದ್ದ. ಅಂಥ ಅಕ್ಷರವನ್ನು ನಾನು ಮದುವೆಯ ಕರೆಯೋಲೆಯಲ್ಲೂ ಕಂಡಿರಲಿಲ್ಲ. ಅಂಕಿಗಳನ್ನೂ ಕನ್ನಡದಲ್ಲೇ ಬರೆಯುತ್ತಿದ್ದ. ನಾನು ಅಂದೇ ಅವನನ್ನು ನೇಮಿಸಿ, ಪ್ರತಿ ಸಂಜೆ ಕುಯ್ಲಿನ ಹಣ್ಣು ತೂಗಿ ಬರೆಯುವ ಪುಸ್ತಕವನ್ನು ಅವನ ಕೈಗೆ ಕೊಟ್ಟೆ. ಸಿಕ್ಕಿದವರಿಗೆಲ್ಲ ಆ ಪುಸ್ತಕ ತೋರಿಸಿ ‘ಜನ ಆರಿಸುವುದು ಅಂದರೆ ಹೀಗೆ’ ಎಂದು ಬೀಗಿದೆ. ಜನವರಿಯ ಒಂದು ಬಟವಾಡೆಯ ದಿನ ಕುಯ್ಲಿನ ಹೆಂಗಸೊಬ್ಬಳು ಬಂದು, “ನನ್ನ ಮೂವತ್ತು ಕೆಜಿ ಹಣ್ಣು ಎಲ್ಲಿಗೆ ಹೋಯ್ತು ಅಣ್ಣಾ?” ಎಂದು ಎಲ್ಲರ ಮುಂದೆ ಕೇಳಿದಳು. ಹಿಂದಿನ ದಿನವಷ್ಟೇ ಒಂದು ಸಭೆಯಲ್ಲಿ ನೆರೆಯ ಬೆಳೆಗಾರರೊಬ್ಬರು, ನನ್ನ ತೋಟದ ಲೆಕ್ಕ ನನಗಿಂತ ನನ್ನ ರೈಟರಿಗೇ ಚೆನ್ನಾಗಿ ಗೊತ್ತು ಎಂದು ನಗಾಡಿದ್ದರು. ಆ ಮಾತಿನ ಉರಿ ಇನ್ನೂ ಆರಿರಲಿಲ್ಲ. ಪುಸ್ತಕವನ್ನು ತೆರೆದೂ ನೋಡದೆ ನಾನು ಮೇಸ್ತ್ರಿಗೆ, “ಇವನು ಕಳ್ಳ, ನಾಳೆಯಿಂದ ಬರೋದು ಬೇಡ ಅನ್ನು” ಎಂದುಬಿಟ್ಟೆ.

ಮೇಸ್ತ್ರಿಯ ಮಗಳು ಪಿಯುಸಿ ಓದುತ್ತಿದ್ದಳು. ಅವಳು ಆ ರಾತ್ರಿ ಪುಸ್ತಕ ಹಿಡಿದು ಕೂತು ಒಂದೊಂದೇ ಸಾಲನ್ನು ಕೂಡಿದಾಗ ವಿಷಯ ತಿಳಿಯಿತು. ಅವನ ೬ ಮತ್ತು ೯ ಒಂದೇ ಬಳ್ಳಿಯ ಎರಡು ಕುಡಿಗಳ ಹಾಗೆ ಇದ್ದವು; ಬಾಲವನ್ನು ಎಷ್ಟು ಸೊಗಸಾಗಿ ಸುತ್ತಿದ್ದನೆಂದರೆ ಕೂಡುವಾಗ ಅವನಿಗೇ ಗೊಂದಲವಾಗುತ್ತಿತ್ತು. ಆ ಹೆಂಗಸಿನ ೯೬ ಕೆಜಿ ೬೬ ಆಗಿತ್ತು. ಇನ್ನಿಬ್ಬರಿಗೆ ಮೂವತ್ತು ಮೂವತ್ತು ಕೆಜಿ ಹೆಚ್ಚಾಗಿ ಹೋಗಿತ್ತು. ಕಳ್ಳನ ತಪ್ಪುಗಳೆಲ್ಲ ಒಂದೇ ಕಡೆಗೆ ವಾಲಿರುತ್ತವೆ. ಇವನವು ಎರಡೂ ಕಡೆಗೆ ಇದ್ದವು. ಮೊದಲ ದಿನ ನಾನು ಅವನನ್ನು ಅಪ್ಪಟ ಚಿನ್ನವೆಂದುಕೊಂಡದ್ದೂ, ಆ ದಿನ ಕಳ್ಳನೆಂದದ್ದೂ ಒಂದೇ ಜಾತಿಯ ತಪ್ಪು, ಏಕೆಂದರೆ ಎರಡೂ ಸಲ ನಾನು ಅಳೆಯುತ್ತಿದ್ದದ್ದು ನನ್ನ ಆಯ್ಕೆಯ ಜಾಣತನವನ್ನು.

ಇದು ನನ್ನೊಬ್ಬನ ದೌರ್ಬಲ್ಯವೆಂದುಕೊಂಡಿದ್ದೆ. ಸ್ಟೀವನ್ ಫೈನ್ ಮತ್ತು ಸ್ಟೀವನ್ ಸ್ಪೆನ್ಸರ್ ಎಂಬ ಮನಶ್ಶಾಸ್ತ್ರಜ್ಞರು 1997ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದೇ ಕಂಡಿದೆ. ಬುದ್ಧಿಪರೀಕ್ಷೆಯಲ್ಲಿ ನಿಮಗೆ ಕಡಿಮೆ ಬಂದಿದೆ ಎಂದು ಕೆಲವರಿಗೆ ಸುಳ್ಳೇ ಹೇಳಿ, ಆಮೇಲೆ ಕೆಲಸಕ್ಕೆ ಅರ್ಜಿ ಹಾಕಿದ ಒಬ್ಬಳ ಬಗ್ಗೆ ಅಭಿಪ್ರಾಯ ಕೇಳಿದರು. ಅವಳು ತಮಗೆ ಪೂರ್ವಗ್ರಹವಿದ್ದ ಸಮುದಾಯದವಳು ಎಂದು ತಿಳಿದಾಗ, ಪೆಟ್ಟುತಿಂದವರು ಅವಳನ್ನು ಹೆಚ್ಚು ಕೀಳಾಗಿ ಅಳೆದರು. ಹಾಗೆ ಅಳೆದ ಮೇಲೆ ಅವರ ಆತ್ಮಗೌರವ ಮತ್ತೆ ಚೇತರಿಸಿಕೊಂಡಿತು. ಇನ್ನೊಂದು ಗುಂಪಿನವರಿಗೆ, ತಮಗೆ ಬದುಕಿನಲ್ಲಿ ಮುಖ್ಯವೆನಿಸಿದ ಒಂದು ಮೌಲ್ಯದ ಬಗ್ಗೆ ಮೊದಲೇ ಬರೆಯಲು ಹೇಳಿದ್ದರು. ಅವರಲ್ಲಿ ಈ ಕೀಳುಗಳೆಯುವಿಕೆ ಕಡಿಮೆಯಿತ್ತು.

ಇದರಿಂದ ಎರಡು ಕಟ್ಟುಪಾಡುಗಳನ್ನು ಮಾಡಿಕೊಳ್ಳಬಹುದು. ನಿಮಗೆ ಅವಮಾನವಾದ ದಿನ ಯಾರ ಗುಣದ ಬಗ್ಗೆಯೂ ತೀರ್ಮಾನ ಹೇಳಬೇಡಿ. ಅನಿವಾರ್ಯವಾದರೆ ಕನಿಷ್ಠ ಒಂದು ರಾತ್ರಿ ಕಳೆಯಲಿ. ತೀರ್ಮಾನ ಮಾಡಲು ಕೂರುವ ಮೊದಲು ಹತ್ತು ನಿಮಿಷ, ಆ ವ್ಯಕ್ತಿಗೂ ಆ ವಿಷಯಕ್ಕೂ ಸಂಬಂಧವಿಲ್ಲದ, ನಿಮಗೆ ಬೆಲೆಯೆನಿಸುವ ಏನಾದರೂ ಒಂದರ ಬಗ್ಗೆ ಬರೆಯಿರಿ. ಅದು ಮೊಮ್ಮಗಳಿಗೆ ಈಜು ಕಲಿಸಿದ್ದಾಗಿರಬಹುದು, ಅಪ್ಪನ ಕಾಲದ ಸಾಲವನ್ನು ತೀರಿಸಿದ್ದಾಗಿರಬಹುದು. ಹಾಸ್ಯಾಸ್ಪದವೆಂದು ಕಂಡರೂ ಮಾಡಿ. ತೂಗುವ ಮೊದಲು ಖಾಲಿ ತಟ್ಟೆಯ ಮುಳ್ಳು ನೆಟ್ಟಗಿದೆಯೇ ಎಂದು ನೋಡುವುದಕ್ಕೆ ಯಾವ ಅಂಗಡಿಯವನೂ ನಾಚಿಕೊಳ್ಳುವುದಿಲ್ಲ.

ನಾಲ್ಕು: ಅಳೆಯಬಾರದ ಭಾಗವನ್ನು ಪಕ್ಕಕ್ಕೆ ಇಡಿ

ತತ್ತ್ವಜ್ಞಾನಿ ಸ್ಟೀಫನ್ ಡಾರ್ವಲ್ 1977ರಲ್ಲಿ ಗೌರವವನ್ನು ಎರಡಾಗಿ ಬಿಡಿಸಿದ. ಮನುಷ್ಯ ಎಂಬ ಒಂದೇ ಕಾರಣಕ್ಕೆ ಸಲ್ಲಬೇಕಾದ ಗೌರವ ಒಂದು. ನಡತೆಯನ್ನೋ ಕಸುಬನ್ನೋ ನೋಡಿ, ಅಳೆದು ಕೊಡುವ ಗೌರವ ಇನ್ನೊಂದು. ಇದರ ಹಿಂದೆ ಜರ್ಮನ್ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಹೇಳಿದ ಮಾತಿದೆ: ಬೆಲೆಯುಳ್ಳ ವಸ್ತುವಿನ ಜಾಗದಲ್ಲಿ ಇನ್ನೊಂದನ್ನು ಇಡಬಹುದು, ಘನತೆಯುಳ್ಳದ್ದರ ಜಾಗದಲ್ಲಿ ಇಡಲಾಗದು. ನನ್ನ ರೈಟರಿನ ಕೂಡಿಕೆಗೆ ನಾನು ಸೊನ್ನೆ ಅಂಕ ಕೊಡಬಹುದಿತ್ತು. ಕುಯ್ಲಿನವರೆಲ್ಲ ನಿಂತಿದ್ದಾಗ ಅವನನ್ನು ‘ಇವನು’ ಎಂದು ಬೆರಳು ತೋರಿಸಿ ಕರೆಯುವ ಹಕ್ಕು ಮಾತ್ರ ಆ ಸೊನ್ನೆಯಿಂದ ಬರುತ್ತಿರಲಿಲ್ಲ. ಕೆಲಸದಿಂದ ತೆಗೆಯುವಾಗಲೂ ಕುರ್ಚಿ ಕೊಟ್ಟು ಕೂರಿಸಿ ಮಾತಾಡುವುದು ಈ ಹೆಜ್ಜೆಯ ಅಭ್ಯಾಸ.

ಐದು: ಹಣೆಪಟ್ಟಿ ತೆಗೆದು ನಡೆದದ್ದನ್ನು ಬರೆಯಿರಿ

ಒಬ್ಬರ ಬಗ್ಗೆ ನಿಮ್ಮ ಮನಸ್ಸಿಗೆ ಬಂದ ಮಾತು ‘ಸೋಮಾರಿ’, ‘ಜಂಭಗಾರ್ತಿ’, ‘ಜಿಪುಣ’ ಎಂಬಂಥದ್ದಾಗಿದ್ದರೆ, ಅದನ್ನು ಹಾಗೇ ಒಪ್ಪಿಕೊಳ್ಳದೆ, ಅವರು ಏನು ಮಾಡಿದರು, ಯಾವಾಗ, ಎಷ್ಟು ಸಲ ಎಂದು ಕಾಗದದ ಮೇಲೆ ಇಳಿಸಿ. ನಮ್ಮಲ್ಲಿ ಒಬ್ಬ ಆಳಿದ್ದ. ಕುಯ್ಲಿನ ಭರದಲ್ಲಿ, ಇನ್ನೂ ಲಾರಿಗೆ ಚೀಲ ತುಂಬುವುದು ಬಾಕಿಯಿರುವಾಗ, ಐದು ಗಂಟೆಗೆ ಸರಿಯಾಗಿ ಕತ್ತಿ ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದ. ನಾನು ಅವನನ್ನು ಮೈಗಳ್ಳ ಎಂದು ಬರೆದಿಟ್ಟುಕೊಂಡಿದ್ದೆ. ಮೇಸ್ತ್ರಿ ಒಂದು ದಿನ ಹೇಳಿದ: “ಮೈಗಳ್ಳ ಅಲ್ಲ ಅಣ್ಣ. ಆ ಬಸ್ಸು ತಪ್ಪಿದ್ರೆ ಆನೆ ದಾರೀಲಿ ಎರಡು ಮೈಲಿ ಕತ್ತಲಲ್ಲಿ ನಡೀಬೇಕು. ನೀವಾದ್ರೆ ನಿಲ್ತಿದ್ರಾ?” ಆಲೂರು, ಸಕಲೇಶಪುರದ ತೋಟಗಳಲ್ಲಿ ಕಾಡಾನೆಗಳ ಹಿಂಡು ಎಲ್ಲಿದೆ ಎಂದು ಕೇಳಿಕೊಂಡೇ ಹೊರಗೆ ಕಾಲಿಡುವ ನನಗೆ ಇದು ಹೊಳೆಯದಿದ್ದುದಕ್ಕೆ ನನ್ನ ಮನೆ ತೋಟದೊಳಗೇ ಇದ್ದದ್ದು ಕಾರಣ.

ಎದುರಿನವರ ನಡೆಗೆ ಅವರ ಸ್ವಭಾವವನ್ನೇ ಕಾರಣ ಮಾಡಿ ಅವರ ಸನ್ನಿವೇಶವನ್ನು ಮರೆಯುವ ಈ ಚಾಳಿಗೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ‘ಮೂಲಭೂತ ಆರೋಪಣ ದೋಷ’ ಎಂಬ ಅರ್ಥದ ಹೆಸರಿಟ್ಟ. ಅದಕ್ಕೂ ಹತ್ತು ವರ್ಷ ಮೊದಲು ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್, ಕ್ಯೂಬಾದ ಕ್ಯಾಸ್ಟ್ರೋ ಪರವಾಗಿಯೋ ವಿರೋಧವಾಗಿಯೋ ಬರೆದ ಪ್ರಬಂಧಗಳನ್ನು ಜನರಿಗೆ ಓದಲು ಕೊಟ್ಟಿದ್ದರು. ಯಾವ ಪಕ್ಷ ವಹಿಸಬೇಕೆಂಬುದು ಬರೆದವನ ಆಯ್ಕೆಯಾಗಿರಲಿಲ್ಲ ಎಂದು ಮೊದಲೇ ತಿಳಿಸಿದ್ದರೂ, ಓದಿದವರು ಅದು ಬರೆದವನ ಮನಸ್ಸಿನ ಮಾತೇ ಇರಬೇಕೆಂದು ಊಹಿಸಿದರು. ಇನ್ನು 1973ರ ಡಾರ್ಲಿ ಮತ್ತು ಬ್ಯಾಟ್ಸನ್‌ರ ಪ್ರಯೋಗವಂತೂ ನನ್ನ ಆಳಿನ ಬಸ್ಸಿನ ಕಥೆಯೇ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ಮಂದಿಯನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳಿಸಿ, ದಾರಿಯಲ್ಲಿ ನರಳುವ ಒಬ್ಬನನ್ನು ಕೂರಿಸಿದ್ದರು. ‘ಆಗಲೇ ತಡವಾಗಿದೆ’ ಎಂದು ಓಡಿಸಿದವರಲ್ಲಿ ನೆರವಿಗೆ ನಿಂತವರು ಶೇ. 10, ಅವಸರವಿಲ್ಲದವರಲ್ಲಿ ಶೇ. 63.

ಈ ದೋಷ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಇಲ್ಲ ಎಂಬುದನ್ನು ತೋರಿಸಿದ ಹೆಸರಾಂತ ಅಧ್ಯಯನವೊಂದು ನಡೆದದ್ದು ನಮ್ಮ ಮೈಸೂರಿನಲ್ಲಿ. ಜೋನ್ ಮಿಲ್ಲರ್ 1984ರಲ್ಲಿ ಪ್ರಕಟಿಸಿದ ಈ ಕೆಲಸದಲ್ಲಿ ಮೈಸೂರಿನ ಮತ್ತು ಷಿಕಾಗೋದ ಜನರಿಗೆ, ತಮಗೆ ಗೊತ್ತಿರುವವರು ಮಾಡಿದ ಒಂದು ಒಳ್ಳೆಯ ಕೆಲಸವನ್ನೂ ಒಂದು ಕೆಟ್ಟ ಕೆಲಸವನ್ನೂ ನೆನಪಿಸಿಕೊಂಡು, ಹಾಗೇಕೆ ಮಾಡಿದರೆಂದು ಹೇಳಲು ಕೇಳಲಾಯಿತು. ಷಿಕಾಗೋದ ವಯಸ್ಕರು ಸ್ವಭಾವದ ಕಡೆ ಬೊಟ್ಟುಮಾಡಿದ್ದು ಹೆಚ್ಚು. ಮೈಸೂರಿನವರು ಸಂಬಂಧ, ಹೊಣೆ, ಹೊತ್ತು, ಜಾಗಗಳನ್ನು ಹೇಳಿದ್ದು ಹೆಚ್ಚು. ಎಂಟು ವರ್ಷದ ಮಕ್ಕಳಲ್ಲಿ ಈ ಅಂತರ ಅಷ್ಟಾಗಿ ಇರಲಿಲ್ಲ, ಬೆಳೆದಂತೆ ಹೆಚ್ಚಿತ್ತು. ಇದನ್ನು ಓದಿ ನಾನು ಸ್ವಲ್ಪ ಹೆಮ್ಮೆಪಟ್ಟದ್ದು ನಿಜ. ಆದರೆ ಆ ಹೆಮ್ಮೆ ಉಳಿಯಲಿಲ್ಲ. ನಮ್ಮ ಈ ಉದಾರತೆ ನೆಂಟರಿಗೆ, ನಮ್ಮವರಿಗೆ ಸಲ್ಲುವಷ್ಟು ಬೇರೆಯವರಿಗೆ ಸಲ್ಲುವುದಿಲ್ಲ ಎಂಬುದು ನನ್ನ ಅನುಭವ. ತಮ್ಮನ ಮಗ ಸಾಲ ತೀರಿಸದಿದ್ದರೆ ‘ಪಾಪ, ಮೆಣಸಿಗೆ ಸೊರಗು ರೋಗ ಬಂತು’ ಎನ್ನುವ ಬಾಯಿ, ಬೇರೆ ಕೇರಿಯವನು ತೀರಿಸದಿದ್ದರೆ ‘ಆ ಜನರೇ ಹಾಗೆ’ ಎನ್ನುತ್ತದೆ. ಥಾಮಸ್ ಪೆಟಿಗ್ರೂ 1979ರಲ್ಲಿ ಇದನ್ನೇ ಆರೋಪಣ ದೋಷದ ತುತ್ತತುದಿ ಎಂದು ಕರೆದ. ಆದ್ದರಿಂದ ಈ ಹೆಜ್ಜೆಯಲ್ಲಿ ಒಂದು ಸಣ್ಣ ಪರೀಕ್ಷೆ ಸೇರಿಸಿಕೊಳ್ಳಿ: ಅದೇ ಕೆಲಸವನ್ನು ನಿಮ್ಮ ಸ್ವಂತ ತಂಗಿ ಮಾಡಿದ್ದರೆ ಯಾವ ಕಾರಣ ಹುಡುಕುತ್ತಿದ್ದಿರೋ ಅದನ್ನು ಈ ಅಪರಿಚಿತರ ವಿಷಯದಲ್ಲೂ ಹುಡುಕಿ, ಸಿಗುತ್ತದೆಯೇ ನೋಡಿ. ಸಿಗದಿದ್ದರೆ ಆಗ ಸ್ವಭಾವವನ್ನು ದೂರುವುದಕ್ಕೆ ಅಡ್ಡಿಯಿಲ್ಲ.

ಆರು: ಒಂದೇ ಚೀಲದಿಂದ ಸ್ಯಾಂಪಲ್ ತೆಗೆಯಬೇಡಿ

ಕಾಫಿ ಮಾರಿದವರಿಗೆಲ್ಲ ಔಟ್‌ಟರ್ನ್ ಗೊತ್ತು. 50 ಕೆಜಿ ಚೆರ್ರಿಯ, ಅಂದರೆ ಒಣಗಿಸಿದ ಕಾಫಿ ಹಣ್ಣಿನ, ಸಿಪ್ಪೆ ಬಿಡಿಸಿದರೆ ಎಷ್ಟು ಕೆಜಿ ಬೀಜ ಬರುತ್ತದೆ ಎಂಬ ಲೆಕ್ಕ ಅದು. ಅದರ ಮೇಲೇ ರೇಟು. ವ್ಯಾಪಾರಿ ಎಷ್ಟೇ ಪರಿಚಯದವನಾದರೂ ಮೇಲಿನ ಚೀಲದ ಬಾಯಿಂದ ಒಂದು ಹಿಡಿ ತೆಗೆದು ರೇಟು ಹೇಳುವುದಿಲ್ಲ. ನಾಲ್ಕಾರು ಚೀಲಗಳ ಹೊಟ್ಟೆಗೆ ಕೊಳವೆ ಚುಚ್ಚಿ, ಎಲ್ಲವನ್ನೂ ಬೆರೆಸಿ, ತೇವಾಂಶ ನೋಡಿ, ಸಿಪ್ಪೆ ಬಿಡಿಸಿ ತೂಗುತ್ತಾನೆ. ಮನುಷ್ಯರ ವಿಷಯದಲ್ಲಿ ಮಾತ್ರ ಅದೇ ವ್ಯಾಪಾರಿ, ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ‘ಆಸಾಮಿ ಸರಿಯಿಲ್ಲ’ ಎಂದು ಹೇಳಿಬಿಡುತ್ತಾನೆ.

ಒಂದು ಹಿಡಿಯಿಂದ ಗುಣ ತಿಳಿಯದು ಎಂಬುದಕ್ಕೆ ಹಳೆಯ ಸಾಕ್ಷ್ಯವಿದೆ. ಹಾರ್ಟ್‌ಶೋರ್ನ್ ಮತ್ತು ಮೇ 1928ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿರಾರು ಮಕ್ಕಳಿಗೆ ಮೋಸ ಮಾಡುವ, ಸುಳ್ಳು ಹೇಳುವ, ಕದಿಯುವ ಅವಕಾಶಗಳನ್ನು ಬೇರೆ ಬೇರೆ ಕಡೆ ಒದಗಿಸಿ ನೋಡಿದ್ದರು. ಪರೀಕ್ಷೆಯಲ್ಲಿ ನಕಲು ಮಾಡಿದ ಮಗು ಆಟದಲ್ಲೂ ಮೋಸ ಮಾಡೀತೆಂದು ನಂಬಿಕೆಯಿಂದ ಹೇಳುವ ಹಾಗಿರಲಿಲ್ಲ. ಹಾಗೆಂದು ಗುಣವೆಂಬುದೇ ಇಲ್ಲವೆಂದಲ್ಲ. ಸೀಮೋರ್ ಎಪ್‌ಸ್ಟೈನ್ 1979ರಲ್ಲಿ ತೋರಿಸಿದಂತೆ, ಒಬ್ಬರ ಒಂದು ದಿನದ ನಡತೆ ಇನ್ನೊಂದು ದಿನದ ನಡತೆಯನ್ನು ಹೇಳಲಾರದಿದ್ದರೂ, ಹಲವು ದಿನಗಳ ಸರಾಸರಿ ಇನ್ನು ಹಲವು ದಿನಗಳ ಸರಾಸರಿಯನ್ನು ಸಾಕಷ್ಟು ಚೆನ್ನಾಗಿ ಹೇಳುತ್ತದೆ. ಹಾಗಾಗಿ ಒಬ್ಬರನ್ನು ಕನಿಷ್ಠ ಮೂರು ಬೇರೆ ಬೇರೆ ಹೊತ್ತಿನಲ್ಲಿ ನೋಡಿ: ಅವಸರದಲ್ಲಿ, ತಮಗಿಂತ ಕೈಕೆಳಗಿನವರ ಜೊತೆಯಲ್ಲಿ, ಮತ್ತು ದುಡ್ಡಿನ ಲೆಕ್ಕ ಒಪ್ಪಿಸುವಾಗ. ನಿಮ್ಮ ಜೊತೆ ಹೇಗಿದ್ದಾರೆ ಎಂಬುದು ನಾಲ್ಕನೆಯದಾಗಿ ಬರಲಿ, ಅದಕ್ಕೆ ಬೆಲೆಯೂ ಕಡಿಮೆಯಿರಲಿ, ಏಕೆಂದರೆ ಹೊಗಳಿದವರ ಔಟ್‌ಟರ್ನ್ ನಮಗೆ ಯಾವಾಗಲೂ ಜಾಸ್ತಿ ಕಾಣುತ್ತದೆ.

ಅಂಕಗಳನ್ನು ಒಂದೊಂದು ಗುಣಕ್ಕೂ ಬೇರೆ ಬೇರೆಯಾಗಿ, ಬೇರೆ ಬೇರೆ ದಿನ ಕೊಡಿ. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಪರಿಶೀಲಿಸಿದಾಗ, ಮೈಕಟ್ಟಿಗೆ ಹೆಚ್ಚು ಅಂಕ ಸಿಕ್ಕವನಿಗೆ ಬುದ್ಧಿಗೂ ನಾಯಕತ್ವಕ್ಕೂ ಶೀಲಕ್ಕೂ ಹೆಚ್ಚೇ ಸಿಕ್ಕಿತ್ತು. ನನ್ನ ರೈಟರಿನ ಅಕ್ಷರದ ಕಾಂತಿ ಅವನ ಕೂಡಿಕೆಯ ಮೇಲೂ ಬಿದ್ದದ್ದು ಹೀಗೆಯೇ.

ಏಳು: ಯಾವ ಕೆಲಸಕ್ಕೆ ಎಂದು ಕೇಳಿಕೊಳ್ಳಿ

‘ಒಳ್ಳೆಯವನೇ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ‘ವಾರಕ್ಕೊಮ್ಮೆ ನಲವತ್ತು ಜನರ ಲೆಕ್ಕವನ್ನು ತಪ್ಪಿಲ್ಲದೆ ಕೂಡುವನೇ?’ ಎಂಬುದಕ್ಕೆ ಇದೆ. ರೈಟರನ್ನು ನಾನು ಕಳಿಸಲಿಲ್ಲ. ಕೂರಿಸಿ, ಮೇಸ್ತ್ರಿಯ ಎದುರಿಗೇ ತಪ್ಪೊಪ್ಪಿಕೊಂಡೆ. ಈಗ ತೂಕ ಬರೆಯುವುದು ಅವನೇ, ಆದರೆ ೬ ಮತ್ತು ೯ರ ಬದಲು 6, 9. ಕೂಡುವುದು ಮೇಸ್ತ್ರಿಯ ಮಗಳು, ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ, ಅದಕ್ಕೆ ಬೇರೆ ಸಂಬಳ.

ಎಂಟು: ನಿಮ್ಮ ತೀರ್ಮಾನಗಳ ಲೆಕ್ಕವನ್ನೂ ಇಡಿ

ಒಬ್ಬರ ಬಗ್ಗೆ ತೀರ್ಮಾನಕ್ಕೆ ಬಂದ ದಿನ, ತಾರೀಖು ಹಾಕಿ ಒಂದು ಸಾಲು ಬರೆದಿಡಿ: ಏನು ನೋಡಿದಿರಿ, ಏನೆಂದುಕೊಂಡಿರಿ, ಮುಂದೆ ಏನಾಗುತ್ತದೆಂದು ಊಹಿಸಿದಿರಿ, ಆ ದಿನ ನಿಮ್ಮ ಮನಸ್ಸು ಹೇಗಿತ್ತು. ಆರು ತಿಂಗಳ ನಂತರ ಪಕ್ಕದಲ್ಲಿ, ಆದದ್ದೇನು ಎಂದು ಬರೆಯಿರಿ. ನಿಮ್ಮ ಬಗ್ಗೆ ಬರೆಯುವಾಗಲೂ ಇದೇ ನಿಯಮ. ‘ನಾನು ದಡ್ಡ’ ಎಂಬ ಸಾಲಿಗೆ ಆ ಪುಸ್ತಕದಲ್ಲಿ ಜಾಗವಿಲ್ಲ, ‘ಪುಸ್ತಕ ತೆರೆಯದೆ ಕಳ್ಳನೆಂದೆ’ ಎಂಬುದಕ್ಕೆ ಇದೆ. ನನ್ನ ಇಂಥ ಸಾಲುಗಳು ಬಟವಾಡೆ ಪುಸ್ತಕದ ಹಿಂಬದಿಯ ಪುಟಗಳಲ್ಲಿವೆ. ಕುಯ್ಲು ಮುಗಿದು ಕಣ ಗುಡಿಸಿದ ಮೇಲೆ, ಹೂಮಳೆಗೆ ಕಾಯುವ ಮಾರ್ಚ್ ತಿಂಗಳಲ್ಲಿ ಅವನ್ನು ತೆಗೆದು ನೋಡುತ್ತೇನೆ. ಕಳೆದ ಸಲ ಹತ್ತೊಂಬತ್ತು ಸಾಲುಗಳಿದ್ದವು. ಏಳನ್ನು ಕೆಂಪು ಪೆನ್ನಿನಲ್ಲಿ ತಿದ್ದಬೇಕಾಯಿತು, ಆ ಏಳರಲ್ಲಿ ಐದರ ಪಕ್ಕ ‘ಮನಸ್ಸು ಸರಿಯಿರಲಿಲ್ಲ’ ಎಂದು ನಾನೇ ಬರೆದಿದ್ದೆ.